ಲಸಿಕೆ ಇಲ್ಲದ ಜ್ವರಕ್ಕೆ ಗಾಬರಿ, ಲಸಿಕೆ ಇರುವ ಜ್ವರಕ್ಕೆ ಮರೆವು

ಜಾವಗಲ್ ಅಂದ ತಕ್ಷಣ ನಿಮಗೆ ನೆನಪಾಗೋದು ಶ್ರೀನಾಥ್. ಇನ್ನೂ ಸ್ವಲ್ಪ ತಿಳಿದವರಿಗೆ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ, ಗುಡ್ಡದ ಮೇಲಿನ ದರ್ಗಾ. ಹಳೇಬೀಡು ನೋಡಿಕೊಂಡು ಬಾಣಾವರದ ಕಡೆ ಹೊರಟವರು ಇಲ್ಲೊಂದು ಕಾಫಿ ಕುಡಿದು ಮುಂದೆ ಹೋಗ್ತಾರೆ. ನಾನು ಹೋದದ್ದು ಹಂದಿ ನೋಡೋದಕ್ಕೆ.

ಊರಾಚೆ, ತೆಂಗಿನ ತೋಟವೊಂದರ ಬೇಲಿಗೆ ಒತ್ತಿಕೊಂಡ ಹಾಗೆ ಶೀಟಿನ ಒಂದು ಗೂಡು. ಹದಿನಾಲ್ಕು ಹಂದಿ, ಅದರಲ್ಲಿ ಎರಡು ಗಬ್ಬದ ತಾಯಿಹಂದಿ. ಸಾಕುವವರು ಐವತ್ತು ದಾಟಿದ ಯಜಮಾನರು. ಹೆಸರು ಬೇಡ ಅಂದ್ರು, ಬರೆಯಲ್ಲ. ಹೋಟೆಲಿನ ಮುಸುರೆ, ಛತ್ರದಲ್ಲಿ ಮದುವೆ ಇದ್ದಾಗ ಮಿಕ್ಕ ಅನ್ನ ಸಾರು, ಒಂದಿಷ್ಟು ಬೂಸಾ. ಇದಿಷ್ಟೇ ಮೇವು. ವರ್ಷಕ್ಕೆ ಎರಡು ಸಲ ಮಾರಾಟ. ಹಂದಿ ಕಾಯಿಲೆ ಬಿದ್ದರೆ ಏನು ಮಾಡ್ತೀರಿ ಅಂತ ಕೇಳಿದೆ.

‘ಮೇವು ಬುಟ್ತದೆ, ಜ್ವರ ಬತ್ತದೆ, ಕಿವಿ ಕೆಂಪಗಾಯ್ತದೆ, ವಾರದಲ್ಲಿ ಓಗ್ಬುಡ್ತದೆ. ಹಿಂದೆ ಒಂದ್ಸಲ ಎಲ್ಲಾ ಓದ್ವು.’

ಯಾವ ರೋಗ ಅಂತ ಯಾರಾದ್ರೂ ಹೇಳಿದ್ರಾ?

‘ಯಾರ್ ಹೇಳ್ತಾರೆ ಸಾರ್? ಹಂದಿ ಜ್ವರ ಅಷ್ಟೆ.’

ಈ ‘ಅಷ್ಟೆ’ಯಲ್ಲೇ ಇರೋದು ನಮ್ಮ ಸಮಸ್ಯೆ.

ಕನ್ನಡದಲ್ಲಿ ‘ಹಂದಿಜ್ವರ’ ಅನ್ನೋ ಒಂದೇ ಪದಕ್ಕೆ ಮೂರು ಬೇರೆ ಬೇರೆ ರೋಗಗಳ ಭಾರ ಹೊರಿಸಿದ್ದೇವೆ. 2009ರಲ್ಲಿ ಎಚ್1ಎನ್1 ಬಂದಾಗ ನಮ್ಮ ಪತ್ರಿಕೆಗಳು ಅದನ್ನು ಹಂದಿಜ್ವರ ಅಂದವು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡಿದ ಫ್ಲೂ. ಎರಡನೆಯದು ಕ್ಲಾಸಿಕಲ್ ಸ್ವೈನ್ ಫೀವರ್, ಸಿಎಸ್‌ಎಫ್. ಇಲಾಖೆಯ ಕೆಲವು ಕರಪತ್ರಗಳು ಇದನ್ನು ‘ಶಾಸ್ತ್ರೀಯ ಹಂದಿಜ್ವರ’ ಅಂತ ಅನುವಾದಿಸಿ, ಸಂಗೀತ ಕಛೇರಿಯ ಕಳೆ ಕೊಟ್ಟಿವೆ. ಇದು ಹಳೆಯ ರೋಗ, ಚಿಕ್ಕ ಆರ್‌ಎನ್‌ಎ ವೈರಸ್ಸಿನಿಂದ ಬರುತ್ತದೆ. ಮೂರನೆಯದು ಆಫ್ರಿಕನ್ ಹಂದಿಜ್ವರ, ಎಎಸ್‌ಎಫ್. ಇದರದ್ದು ದೊಡ್ಡ ಡಿಎನ್‌ಎ ವೈರಸ್. ಎರಡನೆಯದಕ್ಕೂ ಮೂರನೆಯದಕ್ಕೂ ವೈರಸ್ ಲೋಕದಲ್ಲಿ ನಂಟೇ ಇಲ್ಲ, ಎರಡೂ ಮನುಷ್ಯರಿಗೆ ಅಂಟಲ್ಲ. ಆದರೆ ಗೂಡಿನ ಬಾಗಿಲಲ್ಲಿ ನಿಂತು ನೋಡುವವರಿಗೆ ಎರಡೂ ಒಂದೇ. ಅದೇ ಜ್ವರ, ಅದೇ ಕೆಂಪು ಕಿವಿ, ಅದೇ ಸಾವು. ನುರಿತ ಪಶುವೈದ್ಯರೂ ಕಣ್ಣಲ್ಲಿ ನೋಡಿ ಬೇರ್ಪಡಿಸಲಾರರು. ಲ್ಯಾಬ್ ಬೇಕೇ ಬೇಕು.

ಮುಖ್ಯ ವ್ಯತ್ಯಾಸ ಇದು: ಎಎಸ್‌ಎಫ್‌ಗೆ ಭಾರತದಲ್ಲಿ ಒಪ್ಪಿಗೆ ಪಡೆದ ಲಸಿಕೆ ಇಲ್ಲ. ಸಿಎಸ್‌ಎಫ್‌ಗೆ ಇದೆ. ದಶಕಗಳಿಂದ ಇದೆ. ಚೆನ್ನಾಗಿಯೂ ಕೆಲಸ ಮಾಡುತ್ತದೆ. ಆದರೆ ಜಾವಗಲ್‌ನ ಈ ಯಜಮಾನರಿಗೆ ಹಂದಿಗೂ ಸೂಜಿ ಇದೆ ಅನ್ನೋದು ಗೊತ್ತಾಗಿದ್ದು ನಾನು ಹೇಳಿದ ಮೇಲೆ. ‘ಹಸಿಗೆ ಹಾಕಕ್ಕೆ ಮನೆ ಬಾಗ್ಲಿಗೇ ಬತ್ತಾರೆ. ಇದುಕ್ಕೂ ಐತಾ?’ ಅಂದ್ರು.

ಇದೆ. ಆ ಲಸಿಕೆಯ ಕಥೆಯನ್ನೇ ಮೊದಲು ಹೇಳ್ತೀನಿ, ಯಾಕಂದ್ರೆ ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಹೆಬ್ಬಾಳದಲ್ಲಿ ಒಂದು ಸಂಸ್ಥೆ ಇದೆ: ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. 1925ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಸೀರಮ್ ಇನ್‌ಸ್ಟಿಟ್ಯೂಟ್ ಅಂತ ಶುರುವಾದದ್ದು. ಆಗಿನ ಗುರಿ ದನಗಳ ದೊಡ್ಡರೋಗ. ಆ ರೋಗ 2011ರಲ್ಲಿ ಭೂಮಿಯಿಂದಲೇ ಇಲ್ಲವಾಯಿತು, ಲಸಿಕೆಯಿಂದ. ಹಂದಿಯ ಸಿಎಸ್‌ಎಫ್ ಲಸಿಕೆಯನ್ನೂ ಹೆಬ್ಬಾಳ ತಯಾರಿಸಿದೆ. ಹಳೆಯ ವಿಧಾನ ಹೇಗಿತ್ತು ಗೊತ್ತಾ? ಮೊಲಕ್ಕೆ ವೈರಸ್ ಚುಚ್ಚಬೇಕು, ಅದು ಮೊಲದೊಳಗೆ ಬೆಳೆಯಬೇಕು, ಆಮೇಲೆ ಮೊಲವನ್ನು ಕೊಂದು ಗುಲ್ಮ ತೆಗೆದು ಅದರಿಂದ ಲಸಿಕೆ ಮಾಡಬೇಕು. ಒಂದು ಮೊಲಕ್ಕೆ ಸುಮಾರು 50 ಡೋಸ್.

ಈಗ ಲೆಕ್ಕ ಹಾಕಿ. ದೇಶಕ್ಕೆ ವರ್ಷಕ್ಕೆ 2.2 ಕೋಟಿ ಡೋಸ್ ಬೇಕು ಅಂತ ಕೇಂದ್ರ ಸರ್ಕಾರವೇ 2020ರಲ್ಲಿ ಹೇಳಿತ್ತು. ಮೊಲದಿಂದಲೇ ಮಾಡೋದಾದ್ರೆ ವರ್ಷಕ್ಕೆ 4.4 ಲಕ್ಷ ಮೊಲ ಕೊಲ್ಲಬೇಕು. ಆಗೋ ಮಾತಲ್ಲ, ಆಗಲೂ ಇಲ್ಲ. ತಯಾರಾಗುತ್ತಿದ್ದದ್ದು ವರ್ಷಕ್ಕೆ ಸುಮಾರು 12 ಲಕ್ಷ ಡೋಸ್ ಮಾತ್ರ. ನೂರು ಡೋಸ್ ಬೇಕಾದ ಕಡೆ ಐದೂವರೆ. ಉಳಿದ ಹಂದಿಗಳು ಅವುಗಳ ಅದೃಷ್ಟಕ್ಕೆ.

ಇದನ್ನು ಬದಲಿಸಿದ್ದು ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ. ದೇಶೀ ವೈರಸ್ ತಳಿಯೊಂದನ್ನು ಜೀವಕೋಶಗಳಲ್ಲಿ ಬೆಳೆಸಿ, ದುರ್ಬಲಗೊಳಿಸಿ ಅವರು ಹೊಸ ಲಸಿಕೆ ಮಾಡಿದರು. ಮೊಲ ಬೇಡ. 2020ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಆಗ ಹೇಳಿದ ದರ ಡೋಸಿಗೆ ಸುಮಾರು 2 ರೂಪಾಯಿ. ಮೊಲದ ಲಸಿಕೆಗೆ 15–20, ಕೊರಿಯಾದಿಂದ ಬರುವುದಕ್ಕೆ 30. ರಕ್ಷಣೆ ಎರಡು ವರ್ಷದವರೆಗೆ ಸಿಗುತ್ತದೆ ಅಂತ ಹೇಳಿಕೆ. ಒಳ್ಳೆಯ ವಿಜ್ಞಾನ, ಅಗ್ಗದ ಬೆಲೆ, ನಮ್ಮದೇ ವೈರಸ್. ಇನ್ನೇನು ಬೇಕಿತ್ತು?

ಆದರೆ ಅದೇ ಫೆಬ್ರುವರಿ ಕೊನೆಯ ಹೊತ್ತಿಗೆ ಅಸ್ಸಾಮಿನಲ್ಲಿ ಹಂದಿಗಳು ಸಾಯಲು ಶುರುವಾದವು. ಭೋಪಾಲದ ರಾಷ್ಟ್ರೀಯ ಹೈ ಸೆಕ್ಯುರಿಟಿ ಲ್ಯಾಬ್ ಇದು ಆಫ್ರಿಕನ್ ಹಂದಿಜ್ವರ ಅಂತ ದೃಢಪಡಿಸಿದ ಸುದ್ದಿ ದೇಶಕ್ಕೆ ಗೊತ್ತಾದದ್ದು ಮೇ ತಿಂಗಳಲ್ಲಿ. ನಡುವೆ ಲಾಕ್‌ಡೌನ್ ಬಂದಿತ್ತು, ನಿಜ. ಅದರೂ ಸಿಎಸ್‌ಎಫ್ ಇದ್ದೇ ಇರುವ ಸೀಮೆಯಲ್ಲಿ ಹಂದಿ ಸತ್ತರೆ ‘ಹಂದಿ ಜ್ವರ ಅಷ್ಟೆ’ ಅಂತ ಸುಮ್ಮನಾಗೋದು ಸಹಜ. ಆ ಸಹಜತೆಯೇ ವೈರಸ್ಸಿಗೆ ವಾರಗಟ್ಟಲೆ ದಾರಿ ಬಿಡುತ್ತದೆ. ಅಲ್ಲಿಂದ ಮುಂದೆ ಚರ್ಚೆ, ಹಣ, ಗಮನ ಎಲ್ಲವೂ ಲಸಿಕೆ ಇಲ್ಲದ ರೋಗದ ಕಡೆ ವಾಲಿತು. ಮೂರು ತಿಂಗಳ ಹಿಂದೆ ಬಂದ ಲಸಿಕೆ ಯಾರಿಗೂ ಸುದ್ದಿಯಾಗಲಿಲ್ಲ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಕಲಿತದ್ದರಲ್ಲಿ ಮುಕ್ಕಾಲು ಮರೆತಿದ್ದೀನಿ, ಆದರೆ ಸಿಗ್ನಲ್ ಮತ್ತು ನಾಯ್ಸ್ ಅನ್ನೋ ಪಾಠ ಉಳಿದಿದೆ. ರೇಡಿಯೊದಲ್ಲಿ ಗೊರಗೊರ ಸದ್ದು ಜೋರಾಗಿದ್ದರೆ ಅದರೊಳಗೆ ಯಾರೋ ‘ಬೆಂಕಿ’ ಅಂತ ಕೂಗಿದರೂ ಕೇಳಿಸಲ್ಲ. ಕೇಳಿಸಬೇಕಾದರೆ ಕೂಗುವವನ ದನಿ ಏರಿಸಬೇಕು, ಇಲ್ಲವೇ ಗೊರಗೊರ ತಗ್ಗಿಸಬೇಕು. ಹಂದಿ ಸಾವಿನ ವಿಷಯದಲ್ಲಿ ಸಿಎಸ್‌ಎಫ್ ಆ ಗೊರಗೊರ. ಒಂದು ಹೋಬಳಿಯ ಎಲ್ಲ ಹಂದಿಗೂ ಸಿಎಸ್‌ಎಫ್ ಲಸಿಕೆ ಆಗಿದೆ ಅಂತಿಟ್ಟುಕೊಳ್ಳಿ. ಅಲ್ಲೊಂದು ಗೂಡಿನಲ್ಲಿ ಮೂರು ಹಂದಿ ಜ್ವರ ಬಂದು ಸತ್ತರೆ ಅದು ಅಲಾರಂ, ಮಾದರಿ ಆವತ್ತೇ ಹೆಬ್ಬಾಳಕ್ಕೆ ಹೊರಡಬೇಕು. ಲಸಿಕೆ ಆಗದ ಹೋಬಳಿಯಲ್ಲಿ ಅದೇ ಮೂರು ಸಾವು ಬರೀ ಮಾಮೂಲು. ಅಂದ್ರೆ, ಇರುವ ಲಸಿಕೆಯನ್ನು ಸರಿಯಾಗಿ ಹಾಕೋದೇ ಲಸಿಕೆ ಇಲ್ಲದ ರೋಗವನ್ನು ಬೇಗ ಹಿಡಿಯುವ ದಾರಿ. ಈ ಅನುಕೂಲವನ್ನು ಯಾವ ಭಾಷಣದಲ್ಲೂ ನಾನು ಕೇಳಿಲ್ಲ.

ಬೇಗ ಹಿಡಿಯೋದು ಯಾಕೆ ಇಷ್ಟು ಮುಖ್ಯ? ಎಎಸ್‌ಎಫ್ ದೃಢಪಟ್ಟರೆ ಮಾಡೋದು ಒಂದೇ ಕೆಲಸ. ಕೇಂದ್ರದ ಕ್ರಿಯಾ ಯೋಜನೆಯ ಪ್ರಕಾರ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಂದು ಹೂಳಬೇಕು, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡಬೇಕು. 2022ರಲ್ಲಿ ವಯನಾಡಿನ ಮಾನಂತವಾಡಿ ಕಡೆ ಹೀಗೇ ಆಯಿತು. ಕೊಡಗಿನಲ್ಲೂ ರೋಗ ಕಾಣಿಸಿತು. 2023ರ ಆರಂಭದಲ್ಲಿ ಮುದುಮಲೈ ಕಾಡಿನ ಹಂದಿಗಳು ಸತ್ತವು, ಅದು ಬಂಡೀಪುರದ ಬೇಲಿಗೆ ಅಂಟಿಕೊಂಡ ಕಾಡು. 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರೋಗ ದೃಢಪಟ್ಟು ಅಲ್ಲೂ ಹಂದಿಗಳನ್ನು ಕೊಂದರು. ಅರಸೀಕೆರೆಗೆ ಬರಲ್ಲ ಅನ್ನೋಕೆ ಯಾವ ಕಾರಣವೂ ಇಲ್ಲ. ಸೋಂಕಿದ ಹಂದಿಯ ಮಾಂಸ ಬೆರೆತ ಮುಸುರೆ ಒಂದು ಡ್ರಮ್ ಬಂದರೆ ಸಾಕು.

ಪರಿಹಾರ ಇದೆ. ಕೊಂದ ಹಂದಿಗೆ ತೂಕದ ಮೇಲೆ ದರ. 15 ಕೆಜಿವರೆಗಿನ ಮರಿಗೆ 2,200 ರೂಪಾಯಿ, 70ರಿಂದ 100 ಕೆಜಿ ತೂಗುವುದಕ್ಕೆ 12,000. ಕೇಂದ್ರ, ರಾಜ್ಯ ಅರ್ಧರ್ಧ. ಆದರೆ ಗಮನಿಸಿ, ಇದು ಸರ್ಕಾರ ಕೊಂದ ಹಂದಿಗೆ. ರೋಗದಿಂದ ತಾನಾಗಿ ಸತ್ತ ಹಂದಿಗೆ ಏನೂ ಇಲ್ಲ.

ಈಗ ಆ ಯಜಮಾನರ ಜಾಗದಲ್ಲಿ ನೀವೇ ನಿಂತುಕೊಳ್ಳಿ. ಎರಡು ಹಂದಿ ಮೇವು ಬಿಟ್ಟಿವೆ. ನಿಮಗೆ ಇದು ಯಾವ ಜ್ವರ ಅಂತ ಗೊತ್ತಿಲ್ಲ. ದೂರು ಕೊಟ್ಟರೆ, ಹಳೆಯ ಜ್ವರವೇ ಆಗಿದ್ದರೆ, ಯಾರೋ ಬಂದು ಬರೆದುಕೊಂಡು ಹೋಗ್ತಾರೆ. ಹೊಸ ಜ್ವರ ಆಗಿದ್ದರೆ ನಿಮ್ಮ ಹದಿನಾಲ್ಕೂ ಹಂದಿ ಗುಂಡಿಗೆ. ಜೊತೆಗೆ ಒಂದು ಕಿಲೋಮೀಟರಿನೊಳಗಿರುವ ನಿಮ್ಮ ಭಾವ, ಚಿಕ್ಕಪ್ಪ, ನೆಂಟರ ಆರೋಗ್ಯವಾಗಿರುವ ಹಂದಿಗಳೂ. ಇಡೀ ಕೇರಿ ನಿಮ್ಮ ಮೇಲೆ ಮುರಕೊಂಡು ಬೀಳುತ್ತದೆ. ಪರಿಹಾರದ ದುಡ್ಡು ಖಾತೆಗೆ ಬರೋವರೆಗೆ ಮನೆ ನಡೆಯಬೇಕು. ಇದೆಲ್ಲದರ ಎದುರಿಗೆ ಇನ್ನೊಂದು ದಾರಿ ಇದೆ: ನೆಟ್ಟಗಿರುವ ಹನ್ನೆರಡನ್ನು ಇವತ್ತು ರಾತ್ರಿಯೇ ಗಾಡಿಗೆ ಹತ್ತಿಸಿ ಸಿಕ್ಕ ರೇಟಿಗೆ ಮಾರಿಬಿಡೋದು. ಬಡವರ ಅಜ್ಞಾನ ಅಂತ ಇದನ್ನು ತಳ್ಳಿಹಾಕಬೇಡಿ. ಎಂಬಿಎ ಓದಿದವರೂ ಇದೇ ನಿರ್ಧಾರ ಮಾಡ್ತಾರೆ. ಕಾಯಿಲೆ ಊರಿಂದೂರಿಗೆ ಹೋಗೋದು ಹೀಗೆ, ಗಾಡಿಯಲ್ಲಿ ಕೂತು.

ಮಲೇಷ್ಯಾದಲ್ಲಿ 1998–99ರಲ್ಲಿ ಆದದ್ದು ಇದೇ, ಆದರೆ ಅಲ್ಲಿ ಮನುಷ್ಯರೂ ಸತ್ತರು. ಹಂದಿ ಸಾಕುವವರಿಗೆ ಜ್ವರ, ಮಿದುಳಿನ ಊತ. ಇದು ಜಪಾನೀಸ್ ಎನ್ಸೆಫಲೈಟಿಸ್, ಅಂದ್ರೆ ನಮ್ಮ ಕಡೆ ಮಿದುಳು ಜ್ವರ ಅಂತಾರಲ್ಲ ಅದು, ಎಂದು ತೀರ್ಮಾನಿಸಿದರು. ಆ ವೈರಸ್ ಹಂದಿಯಲ್ಲಿ ಹೆಚ್ಚುತ್ತದೆ, ಸೊಳ್ಳೆ ಅದನ್ನು ಮನುಷ್ಯರಿಗೆ ತರುತ್ತದೆ, ಹಾಗಾಗಿ ಊಹೆ ಪೂರ್ತಿ ಮೂರ್ಖತನದ್ದೇನಲ್ಲ. ಸೊಳ್ಳೆಗೆ ಹೊಗೆ ಹಾಕಿದರು, ಜನರಿಗೆ ಲಸಿಕೆ ಚುಚ್ಚಿದರು. ಸಾವು ನಿಲ್ಲಲಿಲ್ಲ. ಹೆದರಿದ ರೈತರು ಹಂದಿಗಳನ್ನು ದಕ್ಷಿಣದ ಜಿಲ್ಲೆಗಳಿಗೆ ಮಾರಿದರು, ರೋಗವೂ ಜೊತೆಗೆ ಹೋಯಿತು. 1999ರ ಮಾರ್ಚ್‌ನಲ್ಲಿ ಚುವಾ ಕಾವ್ ಬಿಂಗ್ ಅನ್ನೋ ವೈದ್ಯ ವಿಜ್ಞಾನಿಯ ಕೆಲಸದಿಂದ ಇದು ಬೇರೆಯೇ ವೈರಸ್ ಅಂತ ಗೊತ್ತಾಯಿತು. ಅದರ ಹೆಸರೇ ನಿಪಾ. ಆ ಹಾವಳಿಯಲ್ಲಿ ಒಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಂದರು. ಗೊತ್ತಿರುವ ರೋಗದ ಹೆಸರಲ್ಲಿ ಗೊತ್ತಿಲ್ಲದ ರೋಗ ಆರು ತಿಂಗಳು ಓಡಾಡಿತ್ತು.

ಮಿದುಳು ಜ್ವರದ ಮಾತು ಬಂತಲ್ಲ, ಅದು ಹಾಸನಕ್ಕೆ ಹೊಸದಲ್ಲ. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಲಸಿಕೆ ಹಾಕುವ ಅಭಿಯಾನ ನಡೆಯಿತು, ಗುರಿ 48 ಲಕ್ಷ ಮಕ್ಕಳು. ಹಾಸನ ಆ ಪಟ್ಟಿಯಲ್ಲಿತ್ತು, ಜಾವಗಲ್ ಹೋಬಳಿಯ ಶಾಲೆಗಳೂ ಆ ಲೆಕ್ಕಕ್ಕೆ ಸೇರಿದವು. ಈ ರೋಗಕ್ಕೆ ಭಾರತದಲ್ಲಿ ತಯಾರಾಗುವ ಜೆನ್‌ವ್ಯಾಕ್ ಲಸಿಕೆಯ ಮೂಲ ವೈರಸ್ ಎಲ್ಲಿಯದು ಗೊತ್ತಾ? ನಮ್ಮ ಕೋಲಾರದ್ದು. 1980ರ ದಶಕದ ಆರಂಭದಲ್ಲಿ ಅಲ್ಲಿನ ರೋಗಿಯೊಬ್ಬರಿಂದ ಬೇರ್ಪಡಿಸಿದ ತಳಿ, ‘ಕೋಲಾರ’ ಅನ್ನೋ ಹೆಸರಲ್ಲೇ ವಿಜ್ಞಾನದ ದಾಖಲೆಗಳಲ್ಲಿದೆ. ಮಕ್ಕಳಿಗೆ ಲಸಿಕೆ ಹಾಕಿದ್ದು ತೀರಾ ಸರಿಯಾದ ಕೆಲಸ. ನನ್ನ ಪ್ರಶ್ನೆ ಬೇರೆ. ಬೆಳ್ಳಕ್ಕಿ, ಸೊಳ್ಳೆ, ಹಂದಿ, ಮಗು, ಈ ಸರಪಳಿಯಲ್ಲಿ ಮಗುವಿನ ತುದಿಯಲ್ಲಿ ನಿಂತ ಸರ್ಕಾರ ಹಂದಿಯ ಕಡೆಗೆ ಒಂದು ಹೆಜ್ಜೆಯನ್ನೂ ಯಾಕೆ ಇಡಲಿಲ್ಲ? ಹಂದಿ ನಮ್ಮ ಆಡಳಿತಕ್ಕೆ ನೆನಪಾಗೋದು ಎರಡೇ ಸಲ: ಅದು ಮನುಷ್ಯರಿಗೆ ಅಪಾಯ ಅನ್ನಿಸಿದಾಗ, ಇಲ್ಲ ಪುರಸಭೆಯವರು ಹಿಡಿದು ಊರಾಚೆ ಸಾಗಿಸುವಾಗ.

ದನಗಳಿಗೆ ಚರ್ಮಗಂಟು ರೋಗ ಬಂದ 2022ನ್ನು ನೆನಪಿಸಿಕೊಳ್ಳಿ. ಆಡಿನ ಸಿಡುಬಿನ ಲಸಿಕೆಯನ್ನೇ ತಂದು ತಾತ್ಕಾಲಿಕವಾಗಿ ದನಗಳಿಗೆ ಹಾಕಿದರು. ಅದೇ ಆಗಸ್ಟ್‌ನಲ್ಲಿ ದೇಶೀ ಲಸಿಕೆಯೊಂದನ್ನು ಕೇಂದ್ರ ಸಚಿವರೇ ಬಿಡುಗಡೆ ಮಾಡಿದರು. ಟಿವಿಗಳಲ್ಲಿ ದಿನವೂ ಚರ್ಚೆ. ಅದು ತಪ್ಪು ಅಂತ ನಾನು ಹೇಳ್ತಿಲ್ಲ, ಹಾಗೇ ಆಗಬೇಕಿತ್ತು. ಹಾಲಿನ ಹಿಂದೆ ಡೇರಿ ಇದೆ, ಒಕ್ಕೂಟ ಇದೆ, ವೋಟಿದೆ, ಪೂಜೆಯೂ ಇದೆ. ಹಂದಿಯ ಹಿಂದೆ ಯಾರಿದ್ದಾರೆ? ಬಯಲುಸೀಮೆಯಲ್ಲಿ ಹಂದಿ ಸಾಕಣೆ ಹೆಚ್ಚಾಗಿ ಹಂದಿಜೋಗಿ, ಕೊರಮ, ಕೊರಚರಂಥ ಸಮುದಾಯಗಳ ಕಸುಬು. ಹೋಬಳಿ ಸಭೆಯಲ್ಲಿ ಎದ್ದು ನಿಂತು ‘ನನ್ನ ಹಂದಿಗೆ ಸೂಜಿ ಯಾಕಿಲ್ಲ’ ಅಂತ ಕೇಳಿದರೆ ಸುತ್ತ ಕೂತವರು ನಗದೆ ಇರೋ ಊರು ನನಗೆ ಗೊತ್ತಿಲ್ಲ. ಬೆಂಗಳೂರಲ್ಲಿ ಕೂತು ಪಂದಿ ಕರಿ ಆರ್ಡರ್ ಮಾಡೋ ನಾವು ಆ ನಗುವಿನಿಂದ ಹೊರಗಿದ್ದೀವಿ ಅಂತ ಅಂದುಕೊಳ್ಳೋದೂ ಬೇಡ.

ಕಾಗದದಲ್ಲಿ ಕೊರತೆ ಏನಿಲ್ಲ. ಕೇಂದ್ರದ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಗುರಿಯಲ್ಲಿ ದೇಶದ ಎಲ್ಲ ಹಂದಿಗಳಿಗೂ ಸಿಎಸ್‌ಎಫ್ ಲಸಿಕೆ ಅಂತ ಬರೆದಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 90 ಲಕ್ಷ ಹಂದಿ, ಕರ್ನಾಟಕದಲ್ಲಿ ಸುಮಾರು ಮೂರು ಲಕ್ಷ. ಡೋಸಿಗೆ ಎರಡು ರೂಪಾಯಿ ಅಂದ್ರೆ ಇಡೀ ರಾಜ್ಯಕ್ಕೆ ಒಂದು ಸುತ್ತಿನ ಲಸಿಕೆಯ ಬೆಲೆ ಆರು ಲಕ್ಷ ರೂಪಾಯಿ. ಸಿರಿಂಜು, ಐಸ್ ಡಬ್ಬಿ, ಸಿಬ್ಬಂದಿ, ಪೆಟ್ರೋಲು ಸೇರಿಸಿ ಹತ್ತು ಪಟ್ಟು ಮಾಡಿ, ಅರವತ್ತು ಲಕ್ಷ. ರಾಜ್ಯ ಬಜೆಟ್ಟಿನಲ್ಲಿ ಇದು ಚಿಲ್ಲರೆ. ಒಂದು ದೊಡ್ಡ ಹಂದಿ ಕೊಂದದ್ದಕ್ಕೆ ಕೊಡೋ 12,000 ರೂಪಾಯಿ ಪರಿಹಾರದಲ್ಲಿ ಆರು ಸಾವಿರ ಡೋಸ್ ಬರುತ್ತೆ. ತೊಡಕು ದುಡ್ಡಿನದಲ್ಲ.

ಹಾಗಂತ ಸುಲಭ ಅಂತಲೂ ಅಲ್ಲ. ಇಲಾಖೆಯ ವೈದ್ಯರೊಬ್ಬರು ನನ್ನನ್ನು ಸರಿಯಾಗಿಯೇ ತರಾಟೆಗೆ ತೆಗೆದುಕೊಂಡರು. ದನವನ್ನು ಗೂಟಕ್ಕೆ ಕಟ್ಟಿರ್ತಾರೆ, ಬೀದಿ ಹಂದಿಯನ್ನು ಹಿಡಿಯೋದು ಯಾರು? ಜೀವಂತ ಲಸಿಕೆ, 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಮರಿಗಳಿಗೆ ತಾಯಿಯಿಂದ ಬಂದ ರಕ್ಷಣೆ ಕರಗೋವರೆಗೆ, ಸುಮಾರು ಎರಡು ತಿಂಗಳವರೆಗೆ, ಹಾಕಿದರೂ ಪ್ರಯೋಜನ ಕಡಿಮೆ. ಹಾಗಾಗಿ ವರ್ಷಕ್ಕೊಂದು ಶಿಬಿರ ಸಾಲಲ್ಲ, ಮರಿಗಳು ಹುಟ್ಟಿದ ಹಾಗೆ ಮತ್ತೆ ಮತ್ತೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ: ಎಎಸ್‌ಎಫ್ ಒಳಗೊಳಗೇ ಇರುವ ಊರಿನಲ್ಲಿ ಒಂದೇ ಸೂಜಿಯಿಂದ ಹತ್ತು ಹಂದಿಗೆ ಚುಚ್ಚಿದರೆ, ಅದೇ ಬೂಟು ಹಾಕಿಕೊಂಡು ಮುಂದಿನ ಗೂಡಿಗೆ ಹೋದರೆ, ಲಸಿಕೆ ಹಾಕುವವರೇ ರೋಗ ಹಂಚಿದ ಹಾಗೆ. ಒಂದು ಹಂದಿಗೆ ಒಂದು ಸೂಜಿ ಅನ್ನೋ ನಿಯಮದಲ್ಲಿ ರಾಜಿ ಇಲ್ಲ. ಒಪ್ಪಿಕೊಂಡೆ. ಆದರೆ ಇದೆಲ್ಲ ಹೇಗೆ ಮಾಡಬೇಕು ಅನ್ನೋದರ ಮಾತು, ಮಾಡಬೇಕೋ ಬೇಡವೋ ಅನ್ನೋದರದ್ದಲ್ಲ. ಅಮೆರಿಕ ಈ ಸಿಎಸ್‌ಎಫ್‌ನಿಂದ ಮುಕ್ತವಾದದ್ದು 1978ರಲ್ಲಿ.

‘ಎಎಸ್‌ಎಫ್‌ಗೇ ಲಸಿಕೆ ಬರ್ತಿದೆಯಲ್ಲ, ಅದಕ್ಕೆ ಕಾಯೋಣ’ ಅನ್ನೋ ವಾದವೂ ಇದೆ. ಕಾಯೋದರಲ್ಲಿ ತಪ್ಪಿಲ್ಲ, ಆದರೆ ಏನಕ್ಕೆ ಕಾಯ್ತಿದ್ದೀವಿ ಅಂತ ತಿಳಿದಿರಲಿ. ಆ ವೈರಸ್ 150ಕ್ಕೂ ಹೆಚ್ಚು ಪ್ರೊಟೀನು ತಯಾರಿಸುತ್ತದೆ. ಅವುಗಳಲ್ಲಿ ಯಾವುದನ್ನು ತೋರಿಸಿದರೆ ಹಂದಿಯ ದೇಹ ರಕ್ಷಣೆ ಕಟ್ಟಿಕೊಳ್ಳುತ್ತದೆ ಅನ್ನೋದೇ ಪೂರ್ತಿ ಬಗೆಹರಿದಿಲ್ಲ. ಹಾಗಾಗಿ ಸತ್ತ ವೈರಸ್ಸಿನ ಲಸಿಕೆ ನಡೆಯಲಿಲ್ಲ. ಉಳಿದದ್ದು ಬದುಕಿರುವ, ದುರ್ಬಲಗೊಳಿಸಿದ ವೈರಸ್. 1960ರ ದಶಕದಲ್ಲಿ ಪೋರ್ಚುಗಲ್, ಸ್ಪೇನ್‌ಗಳಲ್ಲಿ ಹೀಗೆ ಮಾಡಿ, ಹಂದಿಗಳು ಸಾಯದೆ ದೀರ್ಘಕಾಲ ನರಳುವ ಹೊಸ ಕಾಯಿಲೆಯನ್ನು ತಂದುಕೊಂಡರು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಒಂದು ಜೀನ್ ಕಿತ್ತು ಮಾಡಿದ ವೈರಸ್ಸಿನಿಂದ ವಿಯೆಟ್ನಾಂ ಲಸಿಕೆ ತಯಾರಿಸಿತು. 2022ರಲ್ಲಿ ಅನುಮತಿ ಕೊಟ್ಟು, ಹಾಕಿದ ಕಡೆ ಹಂದಿಗಳು ಸತ್ತ ಮೇಲೆ ನಿಲ್ಲಿಸಿ, ಪರಿಶೀಲಿಸಿ, 2023ರಲ್ಲಿ ಮತ್ತೆ ಬಿಟ್ಟರು. ಲಸಿಕೆಯ ವೈರಸ್ ಊರಿನ ವೈರಸ್ಸಿನ ಜೊತೆ ಬೆರೆತು ಮೂರನೆಯದು ಹುಟ್ಟಿದರೆ ಅನ್ನೋ ಭಯ ಸುಮ್ಮನೆ ಹುಟ್ಟಿದ್ದಲ್ಲ. ಎರಡು ತಳಿಗಳು ಬೆರೆತ ವೈರಸ್ ಚೀನಾದಲ್ಲಿ ಈಗಾಗಲೇ ಸಿಕ್ಕಿದೆ. ಈ ಲಸಿಕೆಗಳಿಗೆ ಇರಬೇಕಾದ ಗುಣಮಟ್ಟ ಏನು ಅಂತ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ನಿಯಮ ಒಪ್ಪಿದ್ದೇ 2025ರ ಮೇನಲ್ಲಿ. ಭಾರತ ಇಲ್ಲಿ ಅವಸರ ಮಾಡದಿರೋದು ನನಗೆ ಸರಿಯಾಗಿಯೇ ಕಾಣುತ್ತೆ. ಆದರೆ ಅದಕ್ಕೆ ಕಾಯುತ್ತಾ ಸಿಎಸ್‌ಎಫ್ ಲಸಿಕೆಯನ್ನೂ ಫ್ರಿಜ್ಜಿನಲ್ಲೇ ಬಿಡೋದಕ್ಕೆ ಯಾವ ವಿಜ್ಞಾನದ ಸಮರ್ಥನೆಯೂ ಇಲ್ಲ.

ಯಲಹಂಕದಲ್ಲಿ ಪಶುರೋಗಗಳ ಲೆಕ್ಕ, ಮುನ್ಸೂಚನೆಗಳಿಗೇ ಮೀಸಲಾದ ಕೇಂದ್ರ ಸಂಸ್ಥೆ ನಿವೇದಿ ಇದೆ. ಹೆಬ್ಬಾಳದಲ್ಲಿ ಲಸಿಕೆ, ಲ್ಯಾಬ್ ಎರಡೂ ಇವೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಜಾವಗಲ್‌ನಿಂದ ಇವು ಯಾವುವೂ ಚಂದ್ರಲೋಕದಷ್ಟು ದೂರ ಇಲ್ಲ. ನಿಮ್ಮ ತಾಲೂಕಿನಲ್ಲಿ ಹೋದ ವರ್ಷ ಎಷ್ಟು ಹಂದಿಗೆ ಸಿಎಸ್‌ಎಫ್ ಲಸಿಕೆ ಹಾಕಿದರು, ಎಷ್ಟು ಸತ್ತ ಹಂದಿಯ ಮಾದರಿ ಲ್ಯಾಬಿಗೆ ಹೋಯಿತು, ಫಲಿತಾಂಶ ಎಷ್ಟು ದಿನಕ್ಕೆ ಬಂತು? ಈ ಮೂರು ಪ್ರಶ್ನೆ ಹಾಕಿ ಒಂದು ಆರ್‌ಟಿಐ ಬರೆಯೋಕೆ ಅರ್ಧ ಗಂಟೆ ಸಾಕು. ಹಾಸನದ್ದನ್ನು ನಾನು ಹಾಕಿದ್ದೀನಿ, ಉಳಿದ ಜಿಲ್ಲೆಗಳದ್ದು ನಿಮಗೆ ಬಿಟ್ಟದ್ದು. ಉತ್ತರ ಬಂದರೆ ಇಲ್ಲೇ ಬರೀತೀನಿ. ಸತ್ತ ಹಂದಿಗೂ, ದೂರು ಮೊದಲೇ ಕೊಟ್ಟಿದ್ದರೆ, ಪರಿಹಾರದಲ್ಲಿ ಪಾಲು ಸಿಗಬೇಕು ಅನ್ನೋದನ್ನೂ ಕೇಳಬೇಕು. ದೂರು ಕೊಟ್ಟವನೇ ಸೋಲುವ ಲೆಕ್ಕ ಇರೋವರೆಗೆ ದೂರು ಬರಲ್ಲ.

ಹೊರಡುವಾಗ ಯಜಮಾನರಿಗೆ ಮುಸುರೆಯನ್ನು ಚೆನ್ನಾಗಿ ಕುದಿಸಿಯೇ ಹಾಕಿ ಅಂದೆ. ‘ಸೌದೆಗೆ ದುಡ್ಡು ಯಾರ್ ಕೊಡ್ತಾರೆ’ ಅಂದ್ರು, ನನ್ನ ಹತ್ರ ಉತ್ತರ ಇರಲಿಲ್ಲ. ಗಬ್ಬದ ಹಂದಿಗಳು ಮರಿ ಹಾಕಿ ಎರಡು ತಿಂಗಳಾದ ಮೇಲೆ ಮರಿಗಳಿಗೆ ಸೂಜಿ ಕೇಳಿ ಅಂತ ಹೇಳಿ, ಪಶು ಸಂಜೀವಿನಿಯ 1962 ನಂಬರನ್ನು ಅವರ ಫೋನಿಗೆ ಹಾಕಿಕೊಟ್ಟೆ. ಏನಂತ ಸೇವ್ ಮಾಡ್ಲಿ ಅಂತ ಕೇಳಿದೆ.

‘ಹಸಿನ್ ಡಾಕ್ಟ್ರು ಅಂತ ಹಾಕಿ ಸಾರ್’ ಅಂದ್ರು.